ಸಹಿ ಯಾರದ್ದು?

ಮೆಲ್ಬರ್ನ್‌ನಲ್ಲಿರುವ ನನ್ನ ಮೊಮ್ಮಗ ಭಾನುವಾರ ತಪ್ಪದೆ ಫೋನ್ ಮಾಡುತ್ತಾನೆ. ಹೋದ ವಾರ "ಹೇಗಿದ್ದೀಯ ತಾತ" ಅಂತಲೂ ಕೇಳಲಿಲ್ಲ. "ತಾತ, ನಮ್ಮ ಟೀಮಿನಿಂದ ಒಬ್ಬ ಒಳ್ಳೇ ಆಟಗಾರನನ್ನ ಬಿಟ್ಟುಬಿಟ್ರು. ಯಾರನ್ನ ತಗೋಬೇಕು, ಯಾರನ್ನ ಬಿಡಬೇಕು ಅಂತ ತೀರ್ಮಾನ ಮಾಡೋದು ಯಾರು? ಕೋಚಾ?" ಎಂದ. ಅವನ ಟೀಮು ಮೆಲ್ಬರ್ನ್ ಸ್ಟಾರ್ಮ್, ಆಟ ರಗ್ಬಿ ಲೀಗ್.

ಆಟ ಗೊತ್ತಿಲ್ಲದ ಮಕ್ಕಳಿಗೆ ಹೇಳಿಬಿಡುತ್ತೇನೆ. ತಂಡಕ್ಕೆ 13 ಜನ, ಮೊಟ್ಟೆಯಾಕಾರದ ಚೆಂಡು. ಚೆಂಡು ಹಿಡಿದು ಮುಂದಕ್ಕೆ ಓಡಬಹುದು, ಆದರೆ ಕೈಯಿಂದ ಹಿಂದಕ್ಕೆ ಮಾತ್ರ ಎಸೆಯಬೇಕು. ಎದುರಾಳಿಗಳು ನಮ್ಮ ಕಬಡ್ಡಿಯವರ ಹಾಗೆ ಹಿಡಿದು ಕೆಡವುತ್ತಾರೆ. ಆರು ಸಲ ಕೆಡವಿದರೆ ಚೆಂಡು ಅವರಿಗೆ. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಈ ಲೀಗ್ ಬೇರೆಯಾದದ್ದೇ ದುಡ್ಡಿನ ಜಗಳದಿಂದ. ಗಣಿ, ಗಿರಣಿಗಳ ಕೆಲಸ ತಪ್ಪಿಸಿಕೊಂಡು ಆಡಲು ಬರುವವರಿಗೆ ಆ ದಿನದ ಕೂಲಿ ಕೊಡಬೇಕೇ, ಬೇಡವೇ ಎಂದು.

ಐಪಿಎಲ್ ಹರಾಜಿನಲ್ಲಾದರೆ ಫಲಕ ಎತ್ತುವ ಕೈ ಟಿವಿಯಲ್ಲಿ ಕಾಣುತ್ತದೆ. ಇಲ್ಲಿ ಹರಾಜಿಲ್ಲ. ಊರೂರಿನ ಪಂದ್ಯ ನೋಡಿ ಹುಡುಗರನ್ನು ಗುರುತಿಸುವವರು ಇರುತ್ತಾರೆ, ಅವರ ಮೇಲೆ ಪಟ್ಟಿ ಮಾಡುವ ರಿಕ್ರೂಟ್‌ಮೆಂಟ್ ಮ್ಯಾನೇಜರ್. ಇಂಥ ಜಾಗಕ್ಕೆ ಇಂಥವನು ಬೇಕು ಅನ್ನುವುದು ಕೋಚ್. ಕೆಲವು ಕ್ಲಬ್‌ಗಳಲ್ಲಿ ಅವರ ಮಾತೇ ಕೊನೆ. ಆದರೆ ದುಡ್ಡಿನ ಒಪ್ಪಂದದ ಹೊಣೆ ಸಿಇಓದು, ಅವರ ಮೇಲೆ ಆಡಳಿತ ಮಂಡಳಿ. ಆಟಗಾರರಿಗೆಲ್ಲ ಸೇರಿ ವರ್ಷಕ್ಕೆ ಇಷ್ಟೇ ಸಂಬಳ ಕೊಡಬೇಕೆಂದು ಲೀಗ್ ಮಿತಿ ಹಾಕಿದೆ. ಅದನ್ನು ನೋಡಲು ಆಡಿಟರ್ ಬೇರೆ.

ಇಷ್ಟು ಕೈ ಅಂದಾಗ ನನಗೆ ನಮ್ಮ ಹಳೇ ಶಾಖೆಯ ಒಂದು ಟ್ರ್ಯಾಕ್ಟರ್ ಸಾಲ ನೆನಪಾಯಿತು. ಸಾಲ ಮುಳುಗಿತು. ಮ್ಯಾನೇಜರು "ಫೀಲ್ಡ್ ಆಫೀಸರ್ ವರದಿ ನಂಬಿ ಕೊಟ್ಟೆ" ಎಂದರು. ಫೀಲ್ಡ್ ಆಫೀಸರು "ಮೇಲಿನವರು ಹೇಳಿದ ಹಾಗೆ ಬರೆದೆ" ಎಂದರು. ನಾನು ಬರೀ ಗುಮಾಸ್ತ, ಕಾಗದ ಪತ್ರ ಸರಿಯಾಗಿವೆ ಎಂದು ಗುರುತು ಹಾಕಿದವನು. ಇನ್‌ಸ್ಪೆಕ್ಷನ್‌ಗೆ ಬಂದ ಹಿರಿಯರು ಯಾರ ಕಥೆಯನ್ನೂ ಕೇಳದೆ ಫೈಲು ತಿರುಗಿಸಿ, "ಸಹಿ ಯಾರದ್ದು?" ಎಂದರು. ಮೂರು ಸಹಿ ಇದ್ದವು. ಒಂದು ನನ್ನದು. ಅವತ್ತು ಊಟ ಸೇರಲಿಲ್ಲ.

ಮೊಮ್ಮಗನಿಗೆ ಅವನು ಹುಟ್ಟುವ ಮುಂಚಿನ, ಅವನ ಟೀಮಿನದೇ ಕಥೆ ಹೇಳಿದೆ. 2010ರ ಏಪ್ರಿಲ್‌ನಲ್ಲಿ ಲೀಗ್ ಒಂದು ಸುದ್ದಿ ಹೊರಹಾಕಿತು. ಸ್ಟಾರ್ಮ್ ಕ್ಲಬ್ ವರ್ಷಗಟ್ಟಲೆ ಮಿತಿ ಮೀರಿ ಸಂಬಳ ಕೊಟ್ಟಿತ್ತು, ಅದನ್ನು ಮುಚ್ಚಿಡಲು ಎರಡು ಲೆಕ್ಕದ ಪುಸ್ತಕ ಇಟ್ಟಿತ್ತು. (ಜೀವಮಾನವೆಲ್ಲ ಲೆಡ್ಜರ್ ಬರೆದವನಿಗೆ ಎರಡು ಪುಸ್ತಕ ಅಂದರೆ ಈಗಲೂ ಮೈ ಉರಿಯುತ್ತದೆ.) ಗೆದ್ದಿದ್ದ 2007 ಮತ್ತು 2009ರ ಪ್ರಶಸ್ತಿ ಎರಡನ್ನೂ ಕಿತ್ತುಕೊಂಡರು. ಆ ವರ್ಷದ ಯಾವ ಗೆಲುವಿಗೂ ಅಂಕ ಇಲ್ಲ ಎಂದರು. ಅರ್ಧಕ್ಕಿಂತ ಹೆಚ್ಚು ಪಂದ್ಯ ಗೆದ್ದೂ ತಂಡ ಪಟ್ಟಿಯ ಕೊನೆಯಲ್ಲಿ ನಿಂತಿತು. ಲೆಕ್ಕ ಬರೆದದ್ದು ಕಚೇರಿಯಲ್ಲಿ, ಸೊನ್ನೆ ಬಿದ್ದದ್ದು ಮೈದಾನದಲ್ಲಿ ಬೆವರು ಸುರಿಸಿದ ಹುಡುಗರಿಗೆ. ಸಂಬಳ ಮಿತಿಯೊಳಗೆ ತರಲು ಆಟಗಾರರನ್ನು ಬಿಡಬೇಕಾಯಿತು. ಗ್ರೆಗ್ ಇಂಗ್ಲಿಸ್‌ನಂಥವನೇ ಸೌತ್ ಸಿಡ್ನಿಗೆ ಹೋದ.

"ಅದಕ್ಕೇ, ಒಳ್ಳೆಯವನನ್ನ ಬಿಟ್ಟರು ಅಂತ ಕೋಚನ್ನ ಮೊದಲು ಬೈಬೇಡ. ಸಂಬಳದ ಲೆಕ್ಕ ಎಷ್ಟಿದೆ ನೋಡು" ಎಂದೆ.

"ಹಾಗಾದ್ರೆ ಆ ಕಪ್ ಸೋತವರಿಗೆ ಕೊಟ್ರಾ?"

"ಇಲ್ಲ. 2007ರಲ್ಲಿ ಸೋತ ಮ್ಯಾನ್ಲಿಗೂ ಇಲ್ಲ, 2009ರಲ್ಲಿ ಸೋತ ಪ್ಯಾರಾಮಟಾಗೂ ಇಲ್ಲ. ಆ ಎರಡು ವರ್ಷದ ಪ್ರಶಸ್ತಿ ಯಾರದೂ ಅಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ತಾತ, ಆ ಟ್ರ್ಯಾಕ್ಟರ್ ಸಾಲಕ್ಕೆ ಏನ್ ಮಾಡಿದ್ರು?" ಎಂದ.

"ಒಂದು ವರ್ಷದ ಇನ್‌ಕ್ರಿಮೆಂಟ್ ಕಟ್ ಮಾಡಿದ್ರು."

"ಯಾರದ್ದು?"

"ಮೂವರದೂ" ಎಂದೆ.