ಮಧ್ಯಾಹ್ನದ ಬಿಡುವು: ಆಕಾಶದಿಂದ ಬಿದ್ದ ಅತಿಥಿ

ಈ ಸಲ ಏನು ಬರೆಯಲಿ ಎಂದು ಕೈಯಲ್ಲಿ ಪೆನ್ನು ಹಿಡಿದು ಕೂತಿದ್ದೆ. ನಮ್ಮ ಯಜಮಾನರು ಇಣುಕಿ ನೋಡಿ, "ನಿನ್ನ ಅಂಕಣದಲ್ಲಿ ಆಕಾಶನೌಕೆ ಒಂದು ಬರೋದು ಬಾಕಿ ಇತ್ತು" ಎಂದು ನಕ್ಕರು. ಅವರು ತಮಾಷೆಗೆ ಅಂದದ್ದು, ನಾನು ಅದನ್ನೇ ಬರೆಯುತ್ತಿದ್ದೇನೆ. ಉಪ್ಪಿನಕಾಯಿ ಬೂಷ್ಟು ಹಿಡಿಯದ ಹಾಗೆ ಇಡುವುದು ಹೇಗೆಂದು ಬರೆಯುವವಳು ಬೇರೆ ಲೋಕದವನ ಪ್ರೇಮಕಥೆ ಹೇಳಹೊರಟಳಲ್ಲ ಎಂದು ಸೋದರಿಯರು ನಗಬಾರದು.

ಆದದ್ದು ಇಷ್ಟು. ಸಂಕ್ರಾಂತಿ ರಜೆಗೆ ಮಗಳು ಹಾಸ್ಟೆಲಿನಿಂದ ಬಂದಿದ್ದಳು. ಊಟ ಮುಗಿದ ಮೇಲೆ ನಾನೂ ನನ್ನ ನಾದಿನಿಯೂ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದೆವು. ಹಿದುಕಿದ ಬೇಳೆ ಸಾರು ತಿನ್ನುವವರಿಗೆ ಸುಖ, ಹಿದುಕುವವರ ಹೆಬ್ಬೆರಳಿಗೆ ಗೊತ್ತು ಅದರ ಕಷ್ಟ. ನಮ್ಮ ಬೇಸರ ಕಳೆಯಲೆಂದು ಮಗಳು ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು, "ಅಮ್ಮಾ, ಒಂದು ಹಳೇ ಇಂಗ್ಲಿಷ್ ಸಿನಿಮಾ ಹಾಕ್ತೀನಿ, ನಾನೇ ಕನ್ನಡದಲ್ಲಿ ಹೇಳ್ತಾ ಹೋಗ್ತೀನಿ" ಅಂದಳು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷು ಅಂಗಡಿ ಬೋರ್ಡು ಓದುವುದಕ್ಕೆ ಸಾಕು, ಸಿನಿಮಾಕ್ಕೆ ಸಾಲದು.

ಚಿತ್ರದ ಹೆಸರು 'ಸ್ಟಾರ್‌ಮ್ಯಾನ್'. ಅಮೆರಿಕದಲ್ಲಿ 1984ರಲ್ಲಿ ತೆಗೆದದ್ದು. ನಿರ್ದೇಶಕರು ಜಾನ್ ಕಾರ್ಪೆಂಟರ್. ಅದಕ್ಕೆ ಮುಂಚೆ ಭಯಂಕರ ಚಿತ್ರಗಳಿಗೇ ಹೆಸರಾಗಿದ್ದವರಂತೆ. ನಾಯಕ ಜೆಫ್ ಬ್ರಿಜಸ್, ನಾಯಕಿ ಕರೆನ್ ಆಲೆನ್.

ಕಥೆ ಶುರುವಾಗುವುದು ನಿಜವಾದ ಒಂದು ನೌಕೆಯಿಂದ. 1977ರ ಆಗಸ್ಟ್ 20ರಂದು ಅಮೆರಿಕದವರು ವಾಯೇಜರ್ 2 ಎಂಬ ನೌಕೆಯನ್ನು ಬಾನಿಗೆ ಹಾರಿಸಿದರು. ಅದರಲ್ಲಿ ಚಿನ್ನದ ಲೇಪದ ತಾಮ್ರದ ಗ್ರಾಮಫೋನ್ ತಟ್ಟೆಯೊಂದಿದೆ. ಎಲ್ಲಾದರೂ ಬುದ್ಧಿಯುಳ್ಳ ಜೀವಿಗಳಿದ್ದರೆ ಕೇಳಲಿ ಎಂದು ಅದರಲ್ಲಿ ಭೂಮಿಯ ಹಾಡು, ಮಳೆ ಗಾಳಿಯ ಸದ್ದು, 55 ಭಾಷೆಗಳ ಶುಭಾಶಯ ತುಂಬಿದ್ದಾರೆ. ಆ 55ರಲ್ಲಿ ನಮ್ಮ ಕನ್ನಡವೂ ಒಂದು ಎಂದು ನನಗೆ ಗೊತ್ತೇ ಇರಲಿಲ್ಲ! ಮಗಳು ಸಿನಿಮಾ ನಿಲ್ಲಿಸಿ, ನಿಜವಾದ ಧ್ವನಿಯನ್ನೇ ಹುಡುಕಿ ಕೇಳಿಸಿದಳು. ಗಂಡಸಿನ ದನಿ. ಕನ್ನಡಿಗರ ಪರವಾಗಿ ಶುಭ ಕೋರಿ, ಎರಡೇ ಕ್ಷಣದಲ್ಲಿ ಮುಗಿಯುತ್ತದೆ. ನನ್ನ ಪರವಾಗಿ, ನಿಮ್ಮ ಪರವಾಗಿ ಕೂಡ ಎಂದಾಯಿತಲ್ಲ. ನಮ್ಮನ್ನು ಯಾರೂ ಕೇಳಲಿಲ್ಲ, ಆದರೂ ಕಣ್ಣಲ್ಲಿ ನೀರು ಬಂತು ಅನ್ನಿ.

ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರರ ಭೈರವಿ ಇದೆ. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಹಾಡುತ್ತಿದ್ದ ಜೈಪುರ ಘರಾನಾವೇ ಅವರದೂ. ಎಲ್ಲಿಗೆ ಹೊರಟೆ ಎಂದು ಕೇಳುವ ಹಾಡು ಅದು. ನೌಕೆ ಹೊರಟ ತಿಂಗಳೊಪ್ಪತ್ತಿನಲ್ಲೇ, 1977ರ ಸೆಪ್ಟೆಂಬರ್ 16ರಂದು, ಕೇಸರಬಾಯಿ ತೀರಿಕೊಂಡರು. ದನಿ ಮಾತ್ರ ಇನ್ನೂ ಹೋಗುತ್ತಲೇ ಇದೆ. 2018ರಲ್ಲಿ ಆ ನೌಕೆ ಸೂರ್ಯನ ಗಾಳಿ ಬೀಸುವ ಎಲ್ಲೆಯನ್ನೂ ದಾಟಿತಂತೆ.

ಇನ್ನು ಕಥೆ. ಆ ತಟ್ಟೆ ಬೇರೆ ಲೋಕದವರ ಕೈಗೆ ಸಿಗುತ್ತದೆ. ಇಷ್ಟು ಆದರದಿಂದ ಕರೆದಿದ್ದಾರಲ್ಲ ಎಂದು ಅವರು ಒಬ್ಬನನ್ನು ಸಣ್ಣ ನೌಕೆಯಲ್ಲಿ ಕಳಿಸುತ್ತಾರೆ. ಅಮೆರಿಕದ ಸೇನೆಯವರು ಅದನ್ನು ಹೊಡೆದು ಉರುಳಿಸುತ್ತಾರೆ! ಊಟಕ್ಕೆ ಕರೆದು, ಬಾಗಿಲಿಗೆ ಬಂದವರ ಮೇಲೆ ನಾಯಿ ಬಿಟ್ಟ ಹಾಗಾಯಿತು. ನೌಕೆ ನಡೆಸುತ್ತಿದ್ದವನು ವಿಸ್ಕಾನ್ಸಿನ್ ಎಂಬ ಸೀಮೆಯಲ್ಲಿ, ಸಮುದ್ರದಂಥ ಸರೋವರದ ದಂಡೆಯಲ್ಲಿ ಬೀಳುತ್ತಾನೆ. ಹತ್ತಿರ ಒಂದೇ ಒಂದು ಮನೆ. ಅದರಲ್ಲಿ ಜೆನ್ನಿ ಎಂಬ ಹೆಂಗಸು, ಗಂಡನನ್ನು ಕಳೆದುಕೊಂಡು ಒಬ್ಬಳೇ ಇದ್ದಾಳೆ. ರಾತ್ರಿ ಗಂಡನ ಜೊತೆ ತೆಗೆಸಿಕೊಂಡಿದ್ದ ಚಲನಚಿತ್ರವನ್ನು ಗೋಡೆಯ ಮೇಲೆ ಬಿಟ್ಟುಕೊಂಡು ನೋಡಿ, ಅತ್ತು, ಮಲಗಿದ್ದಾಳೆ.

ಬಂದವನಿಗೆ ಮೈಯಿಲ್ಲ, ಬರೀ ನೀಲಿ ಬೆಳಕು. ಅವಳ ಆಲ್ಬಮ್ಮಿನಲ್ಲಿ ಗಂಡನ ಕೂದಲ ಒಂದು ಎಳೆಗುಚ್ಛ ಅಂಟಿಸಿಟ್ಟಿರುತ್ತದೆ. ಅದರಿಂದ ಅವನು ಮೈ ಮಾಡಿಕೊಳ್ಳುತ್ತಾನೆ. ನೆಲದ ಮೇಲೆ ಕೂಸಾಗಿ, ಬೆಳೆದು ಬೆಳೆದು, ಅವಳ ಕಣ್ಣೆದುರೇ ಅವಳ ಸತ್ತ ಗಂಡನಾಗಿ ನಿಲ್ಲುತ್ತಾನೆ.

ಅಷ್ಟು ಹೊತ್ತಿಗೆ ನಾನು ಕಾಳು ಹಿದುಕುವುದನ್ನು ಬಿಟ್ಟಿದ್ದೆ. ನಾದಿನಿ ಮಾತ್ರ ಕೈ ನಿಲ್ಲಿಸಲಿಲ್ಲ. ಅವಳ ಯಜಮಾನರು ಹೋಗಿ ಏಳು ವರ್ಷ. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಮಕ್ಕಳಿಲ್ಲ. ಅಂದಿನಿಂದ ನಮ್ಮ ಜೊತೆಗೇ ಇದ್ದಾಳೆ.

ಸಿನಿಮಾದ ಮುಂದಿನ ಭಾಗವೆಲ್ಲ ಓಟ. ಮೂರು ದಿನದೊಳಗೆ ಅವನು ಅರಿಜೋನಾದ ಉಲ್ಕಾಕುಳಿಯನ್ನು ಮುಟ್ಟಬೇಕು. ಕರೆದುಕೊಂಡು ಹೋಗಲು ಅವನ ಕಡೆಯವರು ಅಲ್ಲಿಗೆ ಬರುತ್ತಾರೆ, ತಪ್ಪಿದರೆ ಸಾಯುತ್ತಾನೆ. (ಆ ಕುಳಿಯೂ ನಿಜ. ಸುಮಾರು 50,000 ವರ್ಷದ ಹಿಂದೆ ಆಕಾಶದಿಂದ ಬಿದ್ದ ಬಂಡೆಯಿಂದಾದ, ಒಂದು ಕಿಲೋಮೀಟರಿಗೂ ಅಗಲದ ಗುಂಡಿ. ಪಕ್ಕದ ಮಹಾರಾಷ್ಟ್ರದ ಲೋಣಾರ್ ಸರೋವರವೂ ಹಾಗೆಯೇ ಆದದ್ದು.) ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ, ಅವಳದೇ ಕಾರು, ಬೆನ್ನಟ್ಟಿ ಪೊಲೀಸರು. ಅವಳು ಕಾರು ಓಡಿಸುವುದನ್ನು ನೋಡಿ ನೋಡಿ ಅವನೂ ಕಲಿಯುತ್ತಾನೆ. ಹಳದಿ ದೀಪ ಬಿದ್ದರೆ ಇನ್ನೂ ಜೋರಾಗಿ ಓಡಿಸಬೇಕು ಎಂದು ಅವಳಿಂದಲೇ ಕಲಿತದ್ದಂತೆ! ನಮ್ಮೂರ ಬಸ್ಸಿನವರಿಗೂ ಅವಳೇ ಪಾಠ ಹೇಳಿರಬೇಕು.

ಮೊದಲು ಅವಳಿಗೆ ಅವನ ಮೇಲೆ ಪ್ರೀತಿಯೇನೂ ಇಲ್ಲ. ಬಲವಂತದಿಂದ ಎಳೆದುಕೊಂಡು ಹೋದವನು. ತಪ್ಪಿಸಿಕೊಳ್ಳಲು ನೋಡುತ್ತಾಳೆ. ಒಂದು ಹೋಟೆಲಿನ ಮುಂದೆ ಬೇಟೆಯವರು ಕೊಂದ ಜಿಂಕೆಯನ್ನು ಕಾರಿಗೆ ಕಟ್ಟಿರುತ್ತಾರೆ. ಅವನು ಹತ್ತಿರ ಹೋಗಿ, ತನ್ನ ಬಳಿ ಇದ್ದ ಬೆಳ್ಳಿಯ ಗೋಲಿಯಂಥ ಗುಂಡಿನ ಶಕ್ತಿಯಿಂದ ಅದಕ್ಕೆ ಜೀವ ಕೊಡುತ್ತಾನೆ. ಅದು ಕಾಡಿಗೆ ಓಡುತ್ತದೆ, ಬೇಟೆಯವರು ಅವನನ್ನು ಬಡಿಯುತ್ತಾರೆ. ಅಲ್ಲಿಂದ ಅವಳ ಮನಸ್ಸು ತಿರುಗುತ್ತದೆ. ಗಂಡನ ಮುಖ ನೋಡಿ ಕರಗದವಳು ಜಿಂಕೆಯ ವಿಷಯಕ್ಕೆ ಕರಗಿದಳಲ್ಲ, ಕಥೆ ಬರೆದವರಿಗೆ ಹೆಂಗಸರ ಮನಸ್ಸು ಗೊತ್ತು ಎಂದುಕೊಂಡೆ.

ಅಜ್ಜಿ ಇದ್ದಿದ್ದರೆ ಇದರಲ್ಲಿ ಹೊಸದೇನೇ ಎನ್ನುತ್ತಿದ್ದರು. ಮೇಲಿನಿಂದ ಬಂದ ಊರ್ವಶಿ ಪುರೂರವನನ್ನು ಬಿಟ್ಟು ಹೋಗಲಿಲ್ಲವೇ? ದಾರಿ ತಪ್ಪಿದವನ ಹಾಗೆ ಆಶ್ರಮಕ್ಕೆ ಬಂದ ದುಷ್ಯಂತ ಉಂಗುರ ಕೊಟ್ಟು ಹೊರಟ. ಭೀಮ ಹೋದ ಮೇಲೆ ಹಿಡಿಂಬೆ ಕಾಡಿನಲ್ಲೇ ಉಳಿದು ಘಟೋತ್ಕಚನನ್ನು ಸಾಕಿದಳು. ಮಗ ಯುದ್ಧಕ್ಕೆ ಬೇಕಾದಾಗ ಎಲ್ಲರಿಗೂ ನೆನಪಾದ, ಅವನ ತಾಯಿ ಆ ವರ್ಷಗಳಲ್ಲಿ ಏನು ಉಂಡಳು, ಏನು ಉಟ್ಟಳು ಎಂದು ಯಾರು ಕೇಳಿದರು?

ಆ ಚಿನ್ನದ ತಟ್ಟೆಯ ಹಿಂದೆಯೂ ಇಂಥದೇ ಒಂದು ಕಥೆ ಇದೆ ಎಂದು ಮಗಳು ಹೇಳಿದಳು. ಅದನ್ನು ಸಿದ್ಧಮಾಡಿದ ತಂಡದ ಮುಖ್ಯಸ್ಥರು ಕಾರ್ಲ್ ಸೇಗನ್. ಆ ಕೆಲಸದಲ್ಲಿ ಜೊತೆಗಿದ್ದ ಆ್ಯನ್ ಡ್ರೂಯನ್ ಮೇಲೆ ಅವರಿಗೆ ಪ್ರೀತಿ ಹುಟ್ಟಿತು. ಪ್ರೀತಿಯಲ್ಲಿರುವವಳ ಮನಸ್ಸು ಹೇಗಿರುತ್ತದೋ ಅದೂ ಹೋಗಲಿ ಎಂದು ಆಕೆಯ ಮಿದುಳಿನ ಅಲೆಗಳನ್ನೂ ಆ ತಟ್ಟೆಯಲ್ಲಿ ಮುದ್ರಿಸಿ ಕಳಿಸಿದರು. 1981ರಲ್ಲಿ ಮದುವೆಯೂ ಆಯಿತು. ಕೇಳಲು ಎಷ್ಟು ಚೆಂದ! ಆದರೆ 1977ರಲ್ಲಿ ಸೇಗನ್ನರಿಗೆ ಹೆಂಡತಿ ಇದ್ದರು. ಲಿಂಡಾ ಎಂದು ಹೆಸರು. 55 ಭಾಷೆಗಳ ಶುಭಾಶಯ ಹೊಂದಿಸಿದ ಕೆಲಸ ಆಕೆಯದೇ. ನಮ್ಮ ಕನ್ನಡದ ದನಿ ಆಕಾಶಕ್ಕೆ ಹೋದದ್ದು ಆಕೆಯಿಂದ. ಒಂದೇ ತಟ್ಟೆಯಲ್ಲಿ ಇಬ್ಬರು ಹೆಂಗಸರು. ದೊಡ್ಡವರ ಮನೆಯ ಮಾತು ನಮಗೇಕೆ ಬಿಡಿ. ಆದರೂ ಕನ್ನಡದ ಆ ಎರಡು ಮಾತನ್ನು ಮತ್ತೆ ಕೇಳುವಾಗ ನನಗೆ ಲಿಂಡಾ ನೆನಪಾಗದೆ ಇರುವುದಿಲ್ಲ.

ರೈಲಿನ ಗೂಡ್ಸ್ ಡಬ್ಬಿಯಲ್ಲಿ ಒಂದು ರಾತ್ರಿ ಇಬ್ಬರೂ ಹತ್ತಿರವಾಗುತ್ತಾರೆ. ಜೆನ್ನಿಗೆ ಮಕ್ಕಳಾಗುವುದಿಲ್ಲ ಎಂದು ವೈದ್ಯರು ಹೇಳಿರುತ್ತಾರೆ. ನಿನಗೆ ಮಗು ಆಗುತ್ತದೆ, ಗಂಡುಮಗು, ನಿನ್ನ ಗಂಡನದೂ ಹೌದು ನನ್ನದೂ ಹೌದು ಎನ್ನುತ್ತಾನೆ ಅವನು. ಬೇಡವೆಂದರೆ ಹೇಳು, ಈಗಲೇ ನಿಲ್ಲಿಸುತ್ತೇನೆ ಎಂದೂ ಕೇಳುತ್ತಾನೆ. ಅಷ್ಟು ದಿನ ಏನನ್ನೂ ಕೇಳದೆ ಎಳೆದುಕೊಂಡು ಬಂದವನು, ಗಂಡನ ಮುಖವನ್ನು ಅವಳನ್ನು ಕೇಳದೆಯೇ ತೊಟ್ಟುಕೊಂಡವನು, ಇದೊಂದನ್ನು ಕೇಳಿದ. ನನಗೆ ಅವನ ಮೇಲಿದ್ದ ಸಿಟ್ಟು ಅಲ್ಲಿ ಇಳಿಯಿತು.

ಮಗಳು ಈ ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ನಾದಿನಿ ಎದ್ದು, "ಅಕ್ಕಿ ತೊಳೆದಿಡ್ತೀನಿ" ಎಂದು ಅಡಿಗೆಮನೆಗೆ ಹೋದಳು. ಗಂಟೆ ಇನ್ನೂ ನಾಲ್ಕೂ ಆಗಿರಲಿಲ್ಲ. "ಅತ್ತೇ, ನಿಲ್ಸ್ಲಾ?" ಎಂದು ಮಗಳು ಕೂಗಿದಳು. "ಬೇಡಮ್ಮ, ಕೇಳಿಸ್ತಿದೆ" ಅಂದಳು ಒಳಗಿನಿಂದ. ಕೊನೆಯ ಭಾಗಕ್ಕೆ ತಾನೇ ಬಂದು ಕೂತಳು.

ಕುಳಿಯನ್ನು ಮುಟ್ಟುತ್ತಾರೆ. ಸೇನೆಯ ಹೆಲಿಕಾಪ್ಟರುಗಳು ಸುತ್ತುವರಿದಿವೆ. ಹಿಮ ಬೀಳುತ್ತದೆ. ಜೆನ್ನಿ ಜೊತೆಗೆ ಬರುತ್ತೇನೆ ಎನ್ನುತ್ತಾಳೆ, ಅಲ್ಲಿ ನೀನು ಬದುಕುವುದಿಲ್ಲ ಎನ್ನುತ್ತಾನೆ. ಉಳಿದಿದ್ದ ಕೊನೆಯ ಬೆಳ್ಳಿಗುಂಡನ್ನು ಮಗುವಿಗೆಂದು ಅವಳ ಕೈಗೆ ಕೊಟ್ಟು ಹೋಗುತ್ತಾನೆ. ಮೇಲೇರುವ ನೌಕೆಯನ್ನು ಕ್ಯಾಮೆರಾ ಹಿಂಬಾಲಿಸುವುದಿಲ್ಲ. ಮೇಲೆ ನೋಡುತ್ತಾ ನಿಂತ ಅವಳ ಮುಖದ ಮೇಲೇ ನಿಂತು, ಅಲ್ಲೇ ಚಿತ್ರ ಮುಗಿಯುತ್ತದೆ. ನಟನೆಗೆ ಆಸ್ಕರ್ ಪ್ರಶಸ್ತಿಯ ಪಟ್ಟಿಯಲ್ಲಿ ಹೆಸರು ಬಂದದ್ದು ಜೆಫ್ ಬ್ರಿಜಸ್‌ದು. ನನಗೆ ಉಳಿದದ್ದು ಆ ಹುಡುಗಿಯ ಮುಖ. 1986ರಲ್ಲಿ ಇದರ ಮುಂದಿನ ಕಥೆಯನ್ನು ಟೀವಿ ಧಾರಾವಾಹಿ ಮಾಡಿದರಂತೆ. ಅವನು ಮಗನಿಗಾಗಿ ಮರಳಿ ಬರುತ್ತಾನೆ, ತಾಯಿ ಎಲ್ಲೋ ಕಾಣೆಯಾಗಿದ್ದಾಳೆ, ಅಪ್ಪ ಮಗ ಹುಡುಕುತ್ತಾ ಅಲೆಯುತ್ತಾರೆ. ಸಾಕಿದವಳನ್ನೇ ಕಥೆಯಿಂದ ಕಳೆದುಬಿಟ್ಟರಲ್ಲ, ಅದನ್ನು ನೋಡುವ ಆಸೆ ನನಗಿಲ್ಲ.

ನಾದಿನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿಂದ ಮನೆಗೆ ಹೇಗೆ ಹೋದ್ಲು ಅತ್ತಿಗೆ ಅವ್ಳು? ಅಷ್ಟು ದೂರ, ಒಬ್ಳೇ..." ಎಂದಳು. ಆಮೇಲೆ ಅವರೆಯ ಸಿಪ್ಪೆಗಳನ್ನು ಮೊರಕ್ಕೆ ಬಳಿಯುತ್ತಾ, ನನ್ನ ಮುಖ ನೋಡದೆ, "ಒಂದು ಎಳೆ ಕೂದ್ಲು ಇಟ್ಟಿದ್ಲು ನೋಡಿ. ನಂಗೆ ಒಂದು ಅಂಗೀನಾದ್ರೂ ಇಟ್ಕೋಬೇಕಿತ್ತು" ಅಂದಳು.

ಸೋದರಿಯರೇ, ಆ ಅಂಗಿಗಳನ್ನು ಕೊಟ್ಟವಳು ನಾನು. ಹದಿಮೂರು ದಿನ ಕಳೆದ ಮಾರನೆಯ ದಿನ ಹಿರಿಯರು ಹೇಳಿದರೆಂದು, ಕಣ್ಣಿಗೆ ಬಿದ್ದರೆ ಅವಳಿಗೇ ಸಂಕಟವೆಂದು, ಬೀರು ಖಾಲಿ ಮಾಡಿ ಗಂಟು ಕಟ್ಟಿ ಕೊಟ್ಟುಬಿಟ್ಟೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಒಳ್ಳೆಯದು ಮಾಡಿದೆ ಎಂದೇ ಏಳು ವರ್ಷ ತಿಳಿದಿದ್ದೆ.

ರಾತ್ರಿ ನಿದ್ದೆ ಬರಲಿಲ್ಲ. ಏನಾದರೂ ಉಳಿದಿದೆಯೇ ಎಂದು ಮನಸ್ಸಿನಲ್ಲೇ ಮನೆಯೆಲ್ಲ ತಡಕಿದೆ. ಆಗ ನೆನಪಾಯಿತು. ಮದುವೆಯಲ್ಲಿ ನಮ್ಮ ಮಾವನವರು ಅಳಿಯನಿಗೆ ಕೊಟ್ಟ ಎಚ್.ಎಂ.ಟಿ. ಕೈಗಡಿಯಾರ. ಕೀಲಿ ಕೊಡುವುದು. ಸುಮ್ಮನೆ ಕೆಟ್ಟುಹೋಗುತ್ತದೆ, ನಮ್ಮ ಮನೆಯದೇ ತಾನೆ ಎಂದು ನಮ್ಮ ಯಜಮಾನರೇ ಕಟ್ಟಿಕೊಳ್ಳುತ್ತಿದ್ದರು. ಬೆಳಿಗ್ಗೆ ಅವರಿಗೆ ಹೇಳಿದೆ. ಒಂದು ಮಾತೂ ಆಡಲಿಲ್ಲ. ಕೈಯಿಂದ ಬಿಚ್ಚಿ, ಪಂಚೆಯ ಅಂಚಿನಲ್ಲಿ ಗಾಜು ಒರೆಸಿ, ತಂಗಿಗೆ ಕೊಟ್ಟು ಸ್ನಾನಕ್ಕೆ ಹೋದರು.

ಅವಳು ಒಲೆಯ ಮುಂದೆ ನಿಂತೇ ಕೀಲಿ ಕೊಟ್ಟು, ಕಿವಿಗೆ ಹಿಡಿದಳು. ಗೋಡೆಯ ಗಡಿಯಾರ ನೋಡಿದಳು.

"ಎರಡು ನಿಮಿಷ ಮುಂದಿದೆ ಅತ್ತಿಗೆ" ಅಂದಳು. "ಅವ್ರ ಕೈಲಿದ್ದಾಗ್ಲೂ ಹಾಗೇ ಓಡ್ತಿತ್ತು."