ಬಾಗಿಲು ತಟ್ಟದೆ ಒಳಗೆ ಬರುವವರು

'ಸ್ಮಾರ್ಟ್ ಹೋಮ್' ಎಂದರೆ ನಮಗೆ ಬೆಂಗಳೂರು, ಹೈದರಾಬಾದಿನ ದೊಡ್ಡ ಫ್ಲಾಟುಗಳು ನೆನಪಾಗುತ್ತವೆ. ನಮ್ಮ ಚಿಂತಾಕಿಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಒಮ್ಮೆ ಎಣಿಸಿ ನೋಡಿ. ಅಂಗಡಿಗಳಲ್ಲಿ ಸಿಸಿಟಿವಿ, ಗಲ್ಫ್‌ನಲ್ಲಿ ದುಡಿಯುವವರ ಮನೆಗಳಲ್ಲಿ ಮೊಬೈಲ್‌ನಿಂದ ನೋಡುವ ವೈಫೈ ಕ್ಯಾಮೆರಾ, ಮಾಳಿಗೆಯ ಮೇಲೆ ಸೋಲಾರ್, ಹೊಲದ ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್. ಇಂಟರ್‌ನೆಟ್ ಅಥವಾ ಸಿಮ್ ಇರುವ ಇವೆಲ್ಲ ಸ್ಮಾರ್ಟ್ ಉಪಕರಣಗಳೇ.

ನಾನು ಕಾಮರ್ಸ್ ವಿದ್ಯಾರ್ಥಿ. ಹಣ ಕೊಟ್ಟು ವಸ್ತು ಪಡೆದರೆ ವ್ಯವಹಾರ ಮುಗಿಯಿತು ಎಂದು ನಾವು ಲೆಕ್ಕ ಬರೆಯುತ್ತೇವೆ. ಈ ಉಪಕರಣಗಳಲ್ಲಿ ಹಾಗಲ್ಲ. ಬಿಲ್ ಕೊಟ್ಟು ವರ್ಷ ಕಳೆದರೂ ಅವು ಕಂಪನಿಯ ಸರ್ವರ್‌ಗೆ ಮಾಹಿತಿ ಕಳಿಸುತ್ತಲೇ ಇರುತ್ತವೆ. ಸರ್ವಿಸ್ ಮಾಡುವವರು ದೂರದಲ್ಲೇ ಕುಳಿತು ಅವುಗಳನ್ನು ನೋಡಬಹುದು, ಕೆಲವನ್ನು ನಡೆಸಲೂಬಹುದು.

ಇದರಿಂದ ಲಾಭ ಇಲ್ಲವೆಂದು ನಾನು ಹೇಳುವುದಿಲ್ಲ. ಇನ್ವರ್ಟರ್ ಕೆಟ್ಟರೆ ಮೆಕ್ಯಾನಿಕ್ ಬೀದರ್‌ನಿಂದ ಬರುವವರೆಗೆ ಕಾಯಬೇಕಿಲ್ಲ. ಅವನು ಅಲ್ಲಿಂದಲೇ ದೋಷ ಗುರುತಿಸಿ ಫೋನಿನಲ್ಲಿ ಹೇಳಬಲ್ಲ. ನಮ್ಮಂಥ ಗಡಿ ಊರಿಗೆ ಇದು ದೊಡ್ಡ ಅನುಕೂಲ. ನನ್ನ ಪ್ರಶ್ನೆ ಬೇರೆ: ನೋಡುವವರು ಯಾರು, ಏನು ನೋಡುತ್ತಾರೆ, ಎಷ್ಟು ದಿನ ನೋಡುತ್ತಾರೆ ಎಂದು ನಮಗೆ ಯಾರಾದರೂ ಹೇಳಿದ್ದಾರೆಯೇ?

ನಮ್ಮ ಖಾಲಾ ಅವರ ಮನೆಯ ಮಾತು ಹೇಳುತ್ತೇನೆ. ಖಾಲು ಸೌದಿಯಲ್ಲಿದ್ದಾರೆ. ಮನೆಯಲ್ಲಿ ಖಾಲಾ ಮತ್ತು ಇಬ್ಬರು ಹೆಣ್ಣುಮಕ್ಕಳು. ಸುರಕ್ಷತೆಗೆಂದು ಖಾಲು ಹಣ ಕಳಿಸಿ ಎರಡು ಕ್ಯಾಮೆರಾ ಹಾಕಿಸಿದರು. ಒಂದು ಬಾಗಿಲಿಗೆ, ಒಂದು ಅಂಗಳಕ್ಕೆ. ಎರಡು ತಿಂಗಳ ನಂತರ ಚಿತ್ರ ಸರಿಯಾಗಿ ಕಾಣಲಿಲ್ಲ. ಖಾಲಾ ಕ್ಯಾಮೆರಾ ಕೂಡಿಸಿದ ಹುಡುಗನಿಗೆ ಫೋನ್ ಮಾಡಿದರು. ಅವನು ತನ್ನ ಊರಿನಲ್ಲೇ ಕುಳಿತು ಹೇಳಿದ: "ಅಕ್ಕಾರ, ಹಗ್ಗದ ಮ್ಯಾಲ ಬಟ್ಟಿ ಒಣಗಹಾಕೀರಲ್ಲ, ಅದೇ ಅಡ್ಡ ಬರ್ಲತ್ತದ. ಸರಿಸ್ರಿ, ಸರಿ ಆಗ್ತದ."

ಬಟ್ಟೆ ಸರಿಸಿದಾಗ ಕ್ಯಾಮೆರಾ ಸರಿಹೋಯಿತು. ಆದರೆ ಖಾಲಾಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಆ್ಯಪ್ ತೆರೆದು ನೋಡಿದಾಗ ಗೊತ್ತಾಯಿತು, ಇಡೀ ಖಾತೆಯೇ ಆ ಹುಡುಗನ ಮೊಬೈಲ್ ನಂಬರಿನಲ್ಲಿತ್ತು. ಅಂದರೆ ಮಾಲೀಕ ಅವನು, ನಮ್ಮ ಖಾಲಾ ಅವನು 'ಶೇರ್' ಮಾಡಿದ ಅತಿಥಿ! ಅವನು ಕೆಟ್ಟವನು ಎಂದು ನಾನು ಹೇಳಲಾರೆ. ಬೇಗ ಕೆಲಸ ಮುಗಿಸಲು ತನ್ನ ನಂಬರ್ ಹಾಕಿರಬಹುದು. ಆದರೆ ಎರಡು ತಿಂಗಳು ಒಂದು ಮನೆಯ ಅಂಗಳ ಅವನ ಜೇಬಿನಲ್ಲಿತ್ತು. ಆ ಮನೆಯ ಮಾನ ಅವನ ಒಳ್ಳೆಯತನ ಒಂದರ ಮೇಲೆ ನಿಂತಿತ್ತು.

ಎಲ್ಲರೂ ಒಳ್ಳೆಯವರಾಗಿರುವುದಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಎಡಿಟಿ ಎಂಬ ದೊಡ್ಡ ಭದ್ರತಾ ಕಂಪನಿಯ ತಂತ್ರಜ್ಞನೊಬ್ಬ ಗ್ರಾಹಕರ ಖಾತೆಗಳಿಗೆ ತನ್ನ ಇಮೇಲ್ ಸೇರಿಸಿಕೊಂಡಿದ್ದ. ಕೆಲವರಿಗೆ 'ಟೆಸ್ಟಿಂಗ್‌ಗಾಗಿ ಸ್ವಲ್ಪ ಹೊತ್ತು ಬೇಕು' ಎಂದು ಹೇಳಿದ್ದ. ಸುಮಾರು 200 ಮನೆಗಳ ಕ್ಯಾಮೆರಾಗಳನ್ನು ಅವನು 9,600ಕ್ಕೂ ಹೆಚ್ಚು ಸಲ ಕದ್ದು ನೋಡಿದ್ದ. 2021ರಲ್ಲಿ ತಪ್ಪೊಪ್ಪಿಕೊಂಡ ಅವನಿಗೆ 52 ತಿಂಗಳ ಜೈಲು ಶಿಕ್ಷೆಯಾಯಿತು. ಅಷ್ಟು ದೊಡ್ಡ ಕಂಪನಿಗೇ ವರ್ಷಗಟ್ಟಲೆ ತಿಳಿಯದೆ ಹೋಗಿದ್ದು, ನಮ್ಮಲ್ಲಿ ಯಾರಿಗೆ ತಿಳಿದೀತು?

ಕ್ಯಾಮೆರಾ ಇಲ್ಲದ ಮನೆಗೂ ಈ ಪ್ರಶ್ನೆ ಬರುತ್ತದೆ. 2025ರ ಫೆಬ್ರವರಿಯಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಲು ಹೊರಟಾಗ ರಾಜ್ಯದಲ್ಲಿ ದೊಡ್ಡ ಚರ್ಚೆಯಾಯಿತು. ನನಗೆ ಕೇಳಿಸಿದ್ದೆಲ್ಲ ಮೀಟರಿನ ಬೆಲೆಯ ಮಾತು. ಹಳೆಯ ಮೀಟರ್ ತಿಂಗಳಿಗೆ ಒಂದು ಅಂಕಿ ಹೇಳುತ್ತಿತ್ತು. ಸ್ಮಾರ್ಟ್ ಮೀಟರ್ ದಿನವಿಡೀ ಸಣ್ಣ ಸಣ್ಣ ಅವಧಿಯ ಲೆಕ್ಕ ಇಡುತ್ತದೆ. ಅದನ್ನು ಓದಿದವರಿಗೆ ನಾವು ಎಷ್ಟು ಗಂಟೆಗೆ ಏಳುತ್ತೇವೆ, ಮನೆಗೆ ಬೀಗ ಹಾಕಿ ಎಷ್ಟು ದಿನ ಊರಿಗೆ ಹೋಗಿದ್ದೆವು ಎಂಬುದನ್ನು ಊಹಿಸಲು ಕಷ್ಟವಿಲ್ಲ. ಜೆಸ್ಕಾಂ ವ್ಯಾಪ್ತಿಯ ನಾವು ಬೆಲೆಯ ಜೊತೆಗೆ ಇದನ್ನೂ ಕೇಳಬೇಕು.

'ನಮ್ಮ ಮನೆಯಲ್ಲಿ ಮುಚ್ಚಿಡುವುದು ಏನಿದೆ?' ಎಂದು ಕೆಲವು ಗೆಳೆಯರು ನನ್ನನ್ನು ಕೇಳಿದರು. ಮುಚ್ಚಿಡುವುದಕ್ಕೂ ಅನುಮತಿ ಕೇಳುವುದಕ್ಕೂ ವ್ಯತ್ಯಾಸವಿದೆ. ನಮ್ಮಲ್ಲಿ ಯಾರೇ ಬಂದರೂ ಹೊರಗೆ ನಿಂತು ಸಲಾಂ ಹೇಳಿ, ಒಳಗಿನಿಂದ 'ಬನ್ನಿ' ಎಂದ ಮೇಲೆಯೇ ಹೊಸ್ತಿಲು ದಾಟುತ್ತಾರೆ. ನಮ್ಮ ಪಕ್ಕದ ಲಿಂಗಾಯತರ ಮನೆಗೆ ಹೋದರೂ 'ಇದ್ದೀರೇನ್ರಿ?' ಎಂದು ಕೂಗಿಯೇ ಒಳಗೆ ಹೋಗುತ್ತೇವೆ. ಕಳ್ಳತನದ ಮಾಲು ಇದೆ ಎಂದು ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ, ಮನೆ ನಮ್ಮದು ಎಂದು ಹಾಕಿಕೊಳ್ಳುತ್ತೇವೆ.

ಕಾನೂನೂ ಈಗ ಇದನ್ನೇ ಹೇಳುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟರು. ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಜವಾಬ್ದಾರಿಗಳನ್ನು ಜಾರಿಗೆ ತರಲು ಕಂಪನಿಗಳಿಗೆ 18 ತಿಂಗಳ ಕಾಲಾವಕಾಶವಿದೆ. ಈ ಕಾಯ್ದೆಯ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿರಬೇಕು, ಯಾವುದಕ್ಕೆ ಎಂದು ಸ್ಪಷ್ಟವಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯಲು ಬರಬೇಕು. ಸಂವಿಧಾನದ 8ನೇ ಅನುಸೂಚಿಯ ಯಾವ ಭಾಷೆಯಲ್ಲಿ ಬೇಕಾದರೂ ಸೂಚನೆ ಓದುವ ಅವಕಾಶ ಇರಬೇಕು. ಕನ್ನಡವೂ ಉರ್ದುವೂ ಆ ಪಟ್ಟಿಯಲ್ಲಿವೆ. ಇಂಗ್ಲಿಷಿನ ಹತ್ತು ಪುಟ ತೋರಿಸಿ 'ಐ ಅಗ್ರೀ' ಒತ್ತಿಸುವುದು ಇನ್ನು ಸಾಲದು. ನನಗೆ 17 ವರ್ಷ, ಆದ್ದರಿಂದ ಆ ಕಾಯ್ದೆಯಲ್ಲಿ ನಾನಿನ್ನೂ ಮಗು. ನನ್ನ ಮಾಹಿತಿಗೆ ಅಬ್ಬಾ ಅಥವಾ ಅಮ್ಮಿಯ ಒಪ್ಪಿಗೆ ಬೇಕು.

ಕಾನೂನು ಪೂರ್ತಿ ಜಾರಿಯಾಗುವವರೆಗೆ ನಾವು ಕೈಕಟ್ಟಿ ಕುಳಿತುಕೊಳ್ಳಬೇಕಿಲ್ಲ. ಕ್ಯಾಮೆರಾದ ಖಾತೆ ಮನೆಯವರ ನಂಬರಿನಲ್ಲೇ ಇರಲಿ. ಕೆಲಸದವನು ಹೋದ ಕೂಡಲೇ ಪಾಸ್‌ವರ್ಡ್ ಬದಲಿಸಿ. ಆ್ಯಪ್‌ನಲ್ಲಿ ಯಾರಿಗೆಲ್ಲ ಶೇರ್ ಆಗಿದೆ ಎಂದು ತಿಂಗಳಿಗೊಮ್ಮೆ ನೋಡಿ. ಮನೆಯೊಳಗೆ, ಅಂಗಳದಲ್ಲಿ ಕ್ಯಾಮೆರಾ ಬೇಕೇ ಎಂದು ಮೊದಲು ಮನೆಯ ಹೆಂಗಸರನ್ನು ಕೇಳಿ. ವಾರ್ಷಿಕ ಸರ್ವಿಸ್ ಕರಾರು ಬರೆಸುವಾಗ 'ನಾವು ಕರೆದಾಗ ಮಾತ್ರ ನೋಡಬೇಕು' ಎಂಬ ಒಂದು ಸಾಲು ಸೇರಿಸಿ. ಮಾಹಿತಿ ಪಡೆಯುವ ಹಕ್ಕು ಗ್ರಾಹಕನದು ಎಂದು ನಾವು ಬಿಸಿನೆಸ್ ಸ್ಟಡೀಸ್‌ನಲ್ಲಿ ಓದಿ ಅಂಕ ಪಡೆಯುತ್ತೇವೆ. ಅಂಗಡಿಯಲ್ಲಿ ಅದನ್ನು ಬಾಯಿಬಿಟ್ಟು ಕೇಳುವುದನ್ನೂ ಕಲಿಯಬೇಕು. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಕೊನೆಗೆ ನಮ್ಮ ಕಾಲೇಜಿನ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ವರಾಂಡದಲ್ಲೂ ಕ್ಯಾಮೆರಾಗಳಿವೆ. ಅವು ನಮ್ಮ ಒಳಿತಿಗೇ ಇವೆ, ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಆದರೆ ಆ ದೃಶ್ಯಗಳನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಸರ್ವಿಸ್‌ನವರ ಬಳಿ ಪಾಸ್‌ವರ್ಡ್ ಇದೆಯೇ ಎಂಬುದನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ನೋಟಿಸ್ ಬೋರ್ಡಿಗೆ ಹಾಕಿದರೆ ಚೆನ್ನ. ಅದನ್ನು ಓದಿದ ವಿದ್ಯಾರ್ಥಿ ಸಂಜೆ ಮನೆಗೆ ಹೋಗಿ ಅದೇ ಮೂರು ಪ್ರಶ್ನೆ ಕೇಳುತ್ತಾನೆ, ಕೇಳುತ್ತಾಳೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ