ಸದ್ದಿಲ್ಲದೆ ಹರಿದ ನೀರು

ತೊಟ್ಟಿಕ್ಕುವ ನಲ್ಲಿಯ ಮೇಲೆ ನನಗೆ ಅಂಥ ಕೋಪವಿಲ್ಲ. ಪಾಪ, ಅದು ಟಪ್ ಟಪ್ ಎನ್ನುತ್ತಾ ತನ್ನ ಕಾಯಿಲೆಯನ್ನು ತಾನೇ ಮನೆಗೆಲ್ಲ ಸಾರುತ್ತದೆ. ರಾತ್ರಿ ನಿದ್ದೆಗೆಟ್ಟವರು ಬೆಳಿಗ್ಗೆ ಎದ್ದು ವಾಷರ್ ಹಾಕಿಸುತ್ತಾರೆ, ಅಲ್ಲಿಗೆ ಮುಗಿಯಿತು. ಭಯಪಡಬೇಕಾದದ್ದು ಸದ್ದೇ ಮಾಡದೆ ಸೋರುವ ನೀರಿಗೆ. ಅದು ಕಾಣುವುದಿಲ್ಲ, ಕೇಳುವುದಿಲ್ಲ, ತಿಂಗಳ ಕೊನೆಗೆ ಬಿಲ್ಲಿನಲ್ಲಿ ಮಾತ್ರ ಮುಖ ತೋರಿಸುತ್ತದೆ. ಇಷ್ಟು ನೀರು ಹೋಗಿದ್ದೆಲ್ಲಿಗೆ ಎಂದು ತಿಳಿಯದಿದ್ದಾಗ ಮನೆಮಂದಿ ಪೈಪನ್ನು ಅನುಮಾನಿಸುವ ಮೊದಲು ಮನುಷ್ಯರನ್ನು ಅನುಮಾನಿಸುತ್ತಾರೆ. ಪಾತ್ರೆ ತೊಳೆಯುವವಳು, ಗಂಟೆಗಟ್ಟಲೆ ಸ್ನಾನ ಮಾಡುವ ಮಗ, ಬಾಡಿಗೆಗೆ ಬಂದವರು, ಹೀಗೆ ಯಾರ ತಲೆಗಾದರೂ ಅದು ಕಟ್ಟಿಕೊಳ್ಳುತ್ತದೆ.

ಈ ವಾರ ದೊಡ್ಡವರು ಹಳೆಯ ನೀರಿನ ಬಿಲ್ಲುಗಳನ್ನು ಹುಡುಕಿಟ್ಟುಕೊಳ್ಳಿ. ಮಕ್ಕಳು ಪೆನ್ಸಿಲು, ಕಾಗದ ತನ್ನಿ. ಸ್ವಲ್ಪ ಲೆಕ್ಕವಿದೆ, ಹೆದರಬೇಡಿ, ಗುಣಾಕಾರ ಬಂದರೆ ಸಾಕು.

ನಾವಿರುವುದು ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಮೂರು ಮನೆಗಳ ಕಟ್ಟಡ. ಕೆಳಗೆ ಮುಂದಿನ ಭಾಗದಲ್ಲಿ ಮನೆಯ ಓನರ್ ಅಜ್ಜಿ, ಹಿಂದಿನ ಭಾಗದಲ್ಲಿ ನಾವು, ಮಹಡಿಯ ಮೇಲೆ ಒಂದು ಪುಟ್ಟ ಸಂಸಾರ. ಮೂರಕ್ಕೂ ಸೇರಿ ಒಂದೇ ಮೀಟರು, ಒಂದೇ ಸಂಪು, ತಾರಸಿಯ ಮೇಲೆ ಒಂದೇ ಟ್ಯಾಂಕು. ಬಿಲ್ಲು ಬಂದರೆ ಮೂರು ಪಾಲು. ತಿಂಗಳಿಗೆ ಮೂವತ್ತಾರು ಸಾವಿರ ಲೀಟರಿನ ಆಸುಪಾಸು ಬರುತ್ತಿತ್ತು, ಯಾರಿಗೂ ತಕರಾರಿರಲಿಲ್ಲ.

ಕಳೆದ ವರ್ಷ ದಸರಾ ಕಳೆದ ಮೇಲೆ ಬಂದ ಬಿಲ್ಲಿನಲ್ಲಿ 58 ಸಾವಿರ ಲೀಟರು! ಮುಂದಿನ ತಿಂಗಳೂ ಹೆಚ್ಚುಕಡಿಮೆ ಅಷ್ಟೇ. ನಮ್ಮೂರಿನಲ್ಲಿ ಬಳಕೆ ಹೆಚ್ಚಿದ ಹಾಗೆ ಸಾವಿರ ಲೀಟರಿನ ದರವೂ ಹಂತಹಂತವಾಗಿ ಏರುವುದರಿಂದ ಹಣದ ಲೆಕ್ಕ ಇನ್ನೂ ಜೋರಾಗಿ ಜಿಗಿದಿತ್ತು. ಅದೇ ಸಮಯಕ್ಕೆ ಮಹಡಿ ಮನೆಯಲ್ಲಿ ಮಗು ಹುಟ್ಟಿತ್ತು. ಬಾಣಂತನಕ್ಕೆಂದು ಹುಡುಗಿಯ ತಾಯಿ ತಿಪಟೂರಿನಿಂದ ಬಂದಿದ್ದರು. ಬಾಣಂತಿಯ ಸ್ನಾನವೆಂದರೆ ನಿಮಗೆ ಗೊತ್ತಲ್ಲ, ಎಣ್ಣೆ ತಿಕ್ಕಿ, ಬಿಸಿಬಿಸಿ ನೀರು ಸುರಿದೇ ಸುರಿಯಬೇಕು. ಆಮೇಲೆ ಕೂಸಿನ ಸ್ನಾನ. ಆಮೇಲೆ ಕೂಸಿನ ಬಟ್ಟೆ.

“ಇನ್ನು ಹುಡುಕೋದೇನಿದೆ ಬಿಡಮ್ಮ, ನೀರು ಎಲ್ಲಿ ಹೋಗ್ತಿದೆ ಅಂತ ಕಿವಿಗೇ ಕೇಳಿಸುತ್ತೆ” ಎಂದರು ಅಜ್ಜಿ ನನ್ನ ಹತ್ತಿರ. ಮುಂದಿನ ತಿಂಗಳಿಂದ ಬಿಲ್ಲಿನ ಅರ್ಧ ಮಹಡಿಯವರದ್ದು, ಉಳಿದರ್ಧ ನಮ್ಮಿಬ್ಬರಿಗೆ ಎಂದು ತೀರ್ಮಾನವೂ ಆಯಿತು. ನಿಜ ಹೇಳಬೇಕೆಂದರೆ ಈ ಏರ್ಪಾಟಿನಿಂದ ನನಗೆ ನಾಲ್ಕು ಕಾಸು ಉಳಿತಾಯವೇ. ಆದರೆ ಮೇಲಿನ ಮನೆಯಲ್ಲಿ ಏನಾಗುತ್ತಿತ್ತೆಂದರೆ, ಆ ತಿಪಟೂರಿನ ತಾಯಿ ಯಾರೂ ಏಳುವ ಮೊದಲೇ ಸದ್ದಾಗದಂತೆ ಮಗಳಿಗೆ ನೀರು ಹಾಕಿ ಮುಗಿಸತೊಡಗಿದ್ದರು. ಬಟ್ಟೆ ಜಾಲಿಸಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಮೆಟ್ಟಿಲು ತೊಳೆಯುತ್ತಿದ್ದರು, ಅದೂ ಅಜ್ಜಿಗೆ ಕಾಣುವ ಹಾಗೆ. ಹಸಿ ಬಾಣಂತಿ ಇರುವ ಮನೆಯಲ್ಲಿ ಇದೆಲ್ಲ ನೋಡಲು ಚೆನ್ನಾಗಿರಲಿಲ್ಲ.

ಏಳನೇ ಕ್ಲಾಸಿನ ನನ್ನ ಮಗಳನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆ. ಬಾಣಂತಿ, ಮಗು, ಬಟ್ಟೆ ಎಲ್ಲ ಸೇರಿ ದಿನಕ್ಕೆ 15 ಲೀಟರಿನ ಒಂಬತ್ತು ಬಕೆಟ್ ಹೆಚ್ಚುವರಿ ಎಂದಿಟ್ಟುಕೊಳ್ಳಿ. 135 ಲೀಟರು. ಮೂವತ್ತು ದಿನಕ್ಕೆ 4,050. ಹೆಚ್ಚಾದದ್ದು 22 ಸಾವಿರ. ಅದರಲ್ಲಿ ನಾಲ್ಕು ಸಾವಿರ ಕೂಸಿನ ಲೆಕ್ಕಕ್ಕೆ ಹೋದರೂ ಉಳಿದ 18 ಸಾವಿರ ಎಲ್ಲಿ? ದಿನಕ್ಕೆ 600 ಲೀಟರು, ಅಂದರೆ ಇನ್ನೂ ನಲವತ್ತು ಬಕೆಟ್! ಯಾವ ಬಾಣಂತಿಗೂ ಯಾರೂ ಅಷ್ಟು ನೀರು ಹಾಕಲಾರರು, ಕೈ ಬಿದ್ದುಹೋಗುತ್ತದೆ.

ಇನ್ನೊಂದು ರೀತಿಯಲ್ಲಿ ನೋಡೋಣ. 600 ಲೀಟರನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 25 ಲೀಟರು. ನಿಮಿಷಕ್ಕೆ ಸುಮಾರು ಎರಡು ಲೋಟ. ನಿಮಿಷಕ್ಕೆ ಎರಡು ಲೋಟವೆಂದರೆ ನೂಲಿನ ಎಳೆಯಷ್ಟು ಸಣ್ಣ ಧಾರೆ. ಹಗಲೂ ರಾತ್ರಿ ಬಿಡದೆ ಹರಿದರೆ ಅಷ್ಟು ಸಣ್ಣ ಧಾರೆಯೇ ತಿಂಗಳಿಗೆ 18 ಸಾವಿರ ಲೀಟರಾಗುತ್ತದೆ. ನಮ್ಮೂರಿಗೆ ಕಾವೇರಿ ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರ, ದಾರಿಯುದ್ದಕ್ಕೂ ಪಂಪು ಹಾಕಿ ಸುಮಾರು 500 ಮೀಟರ್ ಮೇಲಕ್ಕೆತ್ತಿ ತರಬೇಕು. ಸಾವಿರ ಲೀಟರು ನೀರನ್ನು 500 ಮೀಟರ್ ಎತ್ತಲು, ಪಂಪಿನ ನಷ್ಟವನ್ನೆಲ್ಲ ಬಿಟ್ಟರೂ, 1.36 ಯೂನಿಟ್ ವಿದ್ಯುತ್ ಬೇಕು. ಹೈಸ್ಕೂಲಿನ ಮಕ್ಕಳು ಬೇಕಾದರೆ ಲೆಕ್ಕ ಮಾಡಿ ನೋಡಿ. ಅಷ್ಟು ಕಷ್ಟಪಟ್ಟು ಬೆಟ್ಟ ಹತ್ತಿಸಿ ತಂದ ನೀರು ನಮ್ಮ ಕಟ್ಟಡದೊಳಗೆ ಬಂದು ಎಲ್ಲೋ ಮಾಯವಾಗುತ್ತಿತ್ತು.

ಅಜ್ಜಿಗೆ ಲೆಕ್ಕ ತೋರಿಸಿದೆವು. “ಕಾಗದದ ಮೇಲೆ ಏನು ಬೇಕಾದ್ರೂ ಬರೀಬಹುದು” ಎಂದರು. ಸರಿ, ಹಾಗಾದರೆ ನೀರನ್ನೇ ಕೇಳೋಣ ಎಂದು ಹೊರಟೆವು.

ಹುಡುಕುವುದಕ್ಕೆ ಒಂದು ಕ್ರಮವಿದೆ. ನೀರು ಬರುವ ದಾರಿಯಲ್ಲೇ ನಾವೂ ಹೋಗಬೇಕು: ಮೀಟರಿನಿಂದ ಸಂಪು, ಸಂಪಿನಿಂದ ಟ್ಯಾಂಕು, ಟ್ಯಾಂಕಿನಿಂದ ಮನೆಗಳು. ಒಂದೊಂದು ತುಂಡನ್ನೂ ಬೇರೆಮಾಡಿ, ನೀರು ಅಲುಗಾಡದ ಹಾಗೆ ನಿಲ್ಲಿಸಿ ನೋಡಬೇಕು. ಪ್ಲಂಬರನ್ನು ಮೊದಲ ದಿನವೇ ಕರೆದರೆ ಆತ ಪಾಪ ಕಣ್ಣಿಗೆ ಕಂಡ ನಾಲ್ಕು ನಲ್ಲಿ ಬದಲಾಯಿಸಿ ಹೋಗುತ್ತಾನೆ. ರಾತ್ರಿಯೆಲ್ಲ ಕಾದು ಅಳೆಯುವ ಕೆಲಸ ಮನೆಯವರದ್ದೇ.

ಮೊದಲು ಮೀಟರು. ನಲ್ಲಿಯಲ್ಲಿ ನೀರು ಬಂದ ದಿನ ಬೆಳಗಿನ ಜಾವ ಸಂಪಿನ ಬಾಯಿಯ ವಾಲ್ವ್ ಮುಚ್ಚಿ, ಮೀಟರಿನ ಗಾಜಿನೊಳಗೆ ನೋಡಿದೆವು. ಮೀಟರಿನಲ್ಲಿ ಕಪ್ಪು ಅಂಕಿಗಳು ಸಾವಿರ ಲೀಟರಿನ ಲೆಕ್ಕ, ಕೆಂಪು ಅಂಕಿ, ಮುಳ್ಳುಗಳು ಅದಕ್ಕಿಂತ ಸಣ್ಣ ಲೆಕ್ಕ. ಪಕ್ಕದಲ್ಲೇ ನಕ್ಷತ್ರದಂಥ ಒಂದು ಪುಟ್ಟ ಚಕ್ರ ಇರುತ್ತದೆ, ಚೂರೇಚೂರು ನೀರು ಹೋದರೂ ಅದು ತಿರುಗುತ್ತದೆ. ನಮ್ಮದು ಅಲ್ಲಾಡದೆ ನಿಂತಿತ್ತು. ಅಲ್ಲಿಗೆ ಗೇಟಿನಿಂದ ಸಂಪಿನವರೆಗಿನ ಪೈಪು ಗಟ್ಟಿ ಎಂದಾಯಿತು. ನೀರು ಬರದ ದಿನ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಆಗ ಪೈಪು ಒಡೆದಿದ್ದರೂ ಚಕ್ರ ನಿಂತೇ ಇರುತ್ತದೆ.

ಆ ರಾತ್ರಿ ಸಂಪು. ಒಣ ಬಿದಿರು ಕೋಲಿಗೆ ಸೀಮೆಸುಣ್ಣ ಬಳಿದು ಇಳಿಬಿಟ್ಟರೆ ಎಲ್ಲಿಯವರೆಗೆ ಒದ್ದೆಯಾಯಿತೋ ಅದೇ ನೀರಿನ ಮಟ್ಟ. ನಮ್ಮ ಸಂಪು ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 30 ಲೀಟರು ಹೋದಂತೆ. ರಾತ್ರಿ ಮೋಟಾರು ಹಾಕಲಿಲ್ಲ. ಬೆಳಿಗ್ಗೆ ಕೋಲು ಅದೇ ಗುರುತು ತೋರಿಸಿತು. ಮಕ್ಕಳೇ, ಇಲ್ಲಿ ಒಂದು ಮಾತು. ಸಂಪಿನ ಮುಚ್ಚಳ ತೆಗೆಯುವುದು ದೊಡ್ಡವರ ಕೆಲಸ, ನೀವು ಎರಡು ಹೆಜ್ಜೆ ದೂರ ನಿಂತು ಅಂಕಿ ಬರೆದುಕೊಳ್ಳಿ. ಅಳೆದ ಕೂಡಲೇ ಮುಚ್ಚಳ ಹಾಕಬೇಕು. ಕೋಲು ಬಿದ್ದುಹೋಯಿತೆಂದು ದೊಡ್ಡವರೂ ಒಳಗೆ ಇಳಿಯಬಾರದು. ಗಾಳಿಯಾಡದ ಸಂಪಿನಲ್ಲಿ ಉಸಿರುಗಟ್ಟುತ್ತದೆ.

ಮಾರನೆಯ ರಾತ್ರಿ ಟ್ಯಾಂಕಿನ ಸರದಿ. ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಯಾರೂ ನಲ್ಲಿ ಮುಟ್ಟಬಾರದೆಂದು ಮೂರೂ ಮನೆಗೆ ಹೇಳಿ, ಬಕೆಟ್ಟುಗಳಲ್ಲಿ ನೀರು ತುಂಬಿಸಿಟ್ಟುಕೊಂಡೆವು. ಏಣಿ ಹತ್ತಿದ್ದು ಮಹಡಿ ಮನೆಯ ಮಗುವಿನ ಅಪ್ಪ. ಟಾರ್ಚು ಹಿಡಿದವಳು, ಬರೆದುಕೊಂಡವಳು ನನ್ನ ಮಗಳು. ಟ್ಯಾಂಕು ದುಂಡಗಿನದು, ಅಡ್ಡಳತೆ 120 ಸೆಂಟಿಮೀಟರ್. ಅಂದರೆ ತ್ರಿಜ್ಯ 60. 3.14 ಅನ್ನು 60ರಿಂದ ಎರಡು ಸಲ ಗುಣಿಸಿದರೆ 11,304. ಒಂದು ಸೆಂಟಿಮೀಟರ್ ಇಳಿದರೆ 11.3 ಲೀಟರು ಹೋಗಿದೆ ಎಂದರ್ಥ. ಬೆಳಿಗ್ಗೆ ಮಟ್ಟ 13 ಸೆಂಟಿಮೀಟರ್ ಇಳಿದಿತ್ತು. ಗುಣಿಸಿದರೆ 147 ಲೀಟರು. ಆರು ಗಂಟೆಗೆ 147, ಗಂಟೆಗೆ ಹತ್ತಿರ ಹತ್ತಿರ 25! ಬಿಲ್ಲು ಹೇಳಿದ್ದನ್ನೇ ಟ್ಯಾಂಕೂ ಹೇಳುತ್ತಿತ್ತು. ಮಗಳು ತಾರಸಿಯ ಮೇಲೇ ಕುಣಿದಳು. ಇಷ್ಟು ದಿನ ವೃತ್ತದ ವಿಸ್ತೀರ್ಣ ಅವಳಿಗೆ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸೂತ್ರವಾಗಿತ್ತು.

ಟ್ಯಾಂಕೇ ಸೀಳಿರಬಹುದಲ್ಲ? ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅದರಿಂದ ಹೊರಡುವ ಮೂರೂ ಗೇಟ್‌ವಾಲ್ವ್ ಮುಚ್ಚಿ ಎರಡು ಗಂಟೆ ಬಿಟ್ಟೆವು. ಮಟ್ಟ ಹಾಗೇ ಇತ್ತು. ಟ್ಯಾಂಕು ನಿರ್ದೋಷಿ. ಅಂದರೆ ಮೂರು ಮನೆಗಳಲ್ಲಿ ಯಾವುದೋ ಒಂದರಲ್ಲಿ ನೀರು ಹೋಗುತ್ತಿದೆ.

“ಮೊದಲು ಮೇಲಿನವರದ್ದು ಮುಚ್ಚಿ” ಎಂದರು ಅಜ್ಜಿ. ಮುಚ್ಚಿದೆವು. ಬೆಳಿಗ್ಗೆ ಅಜ್ಜಿ ಮೊಣಕಾಲು ನೋವಿನಲ್ಲೂ ಮೆಟ್ಟಿಲು ಹತ್ತಿ ಬಂದು, ಕೋಲನ್ನು ತಾವೇ ಕನ್ನಡಕ ಹಾಕಿಕೊಂಡು ನೋಡಿದರು. ಹದಿಮೂರು ಸೆಂಟಿಮೀಟರ್. ಏನೂ ಮಾತಾಡಲಿಲ್ಲ. ಮಗುವಿನ ಅಪ್ಪನೂ ಮಾತಾಡಲಿಲ್ಲ, ಅದು ಅವನ ದೊಡ್ಡತನ. ಮುಂದಿನ ರಾತ್ರಿ ನಮ್ಮದನ್ನೂ ಮುಚ್ಚಿದೆವು. ಮತ್ತೆ ಹದಿಮೂರು.

ಉಳಿದದ್ದು ಒಂದೇ ಮನೆ. ಅಜ್ಜಿಯ ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ನಲ್ಲಿ, ಎಲ್ಲ ಒಣಒಣ. ಆಗ ನಾನು ಒಂದು ಹಳೆಯ ಉಪಾಯ ಮಾಡಿದೆ. ಸ್ಟೀಲಿನ ಉದ್ದ ಹಿಡಿಯ ಸೌಟಿನ ತುದಿಯನ್ನು ಪೈಪಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಯ ಹತ್ತಿರ ಹಿಡಿದರೆ ಒಳಗೆ ಹರಿಯುವ ನೀರಿನ ಸದ್ದು ಕೇಳುತ್ತದೆ. ಡಾಕ್ಟರ ಸ್ಟೆತಾಸ್ಕೋಪಿನ ಬಡ ತಂಗಿ ಇದು. ಪ್ಲಾಸ್ಟಿಕ್ ಪೈಪಿನಲ್ಲಿ ಸರಿಯಾಗಿ ಕೇಳುವುದಿಲ್ಲ. ನಮ್ಮದು ಹಳೆಯ ಕಾಲದ ಕಬ್ಬಿಣದ ಪೈಪಾದ್ದರಿಂದ ಚೆನ್ನಾಗಿ ಕೇಳಿತು. ಹೊರಗೋಡೆಯ ಮೇಲೆ ಇಳಿದು ಬರುವ ಒಂದು ಪೈಪಿನಲ್ಲಿ ಸಣ್ಣಗೆ, ಬಿಡದೆ ಸುಯ್ ಎನ್ನುತ್ತಿತ್ತು.

“ಅದು ಮಗನ ರೂಮಿನ ಬಾತ್‌ರೂಮಿಗೆ ಹೋಗುತ್ತೆ. ಬೀಗ ಹಾಕಿದೆಯಲ್ಲಮ್ಮ, ಅಲ್ಲಿ ಯಾರು ನೀರು ಬಳಸ್ತಾರೆ?” ಅಜ್ಜಿಯ ಮಗ ಇರುವುದು ಹೊರದೇಶದಲ್ಲಿ. ದಸರಾಕ್ಕೆ ಬಂದು ಹತ್ತು ದಿನ ಇದ್ದು ಹೋಗಿದ್ದರು. ಅಂದಿನಿಂದ ಆ ಕೋಣೆಗೆ ಬೀಗ.

ಬೀಗದ ಕೈ ಹುಡುಕಿ ಬಾಗಿಲು ತೆಗೆದಾಗ ನನ್ನ ಗಮನಕ್ಕೆ ಬಂದದ್ದು ಒಂದು ವಿಚಿತ್ರ. ತಿಂಗಳುಗಟ್ಟಲೆ ಬಳಸದ ಬಾತ್‌ರೂಮಿನಲ್ಲಿ ಸಾಮಾನ್ಯವಾಗಿ ಕಮೋಡಿನೊಳಗೆ ನಿಂತ ನೀರು ಆರಿಹೋಗಿ ಚರಂಡಿಯ ವಾಸನೆ ಮೇಲೆ ಬರುತ್ತದೆ. ಇಲ್ಲಿ ವಾಸನೆಯೇ ಇಲ್ಲ! ಕಮೋಡಿನ ಒಳಮೈ ಮೇಲೆ ಒಂದು ಹಳದಿ ಗೆರೆ, ಅದರ ಮೇಲೆ ಎಣ್ಣೆ ಸವರಿದ ಹಾಗೆ ತೆಳ್ಳಗೆ ನೀರು ಜಾರುತ್ತಿತ್ತು. ಹತ್ತಿರ ಬಗ್ಗಿದರೂ ಸದ್ದಿಲ್ಲ. ಸಂಶಯ ಉಳಿಯಬಾರದೆಂದು, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಫ್ಲಶ್ ಟ್ಯಾಂಕಿಗೆ ಹಾಕಿ, ಯಾರೂ ಗುಂಡಿ ಒತ್ತದೆ ಕಾದೆವು. ಇಪ್ಪತ್ತು ನಿಮಿಷದಲ್ಲಿ ಕಮೋಡಿನ ನೀರೂ ನೀಲಿ. ಫ್ಲಶ್ ಟ್ಯಾಂಕಿನ ತಳದ ರಬ್ಬರು ಗಟ್ಟಿಯಾಗಿ, ಸರಿಯಾಗಿ ಕೂರದೆ, ಮಗ ಕೊನೆಯ ಸಲ ಗುಂಡಿ ಒತ್ತಿದ ದಿನದಿಂದ ಬಾಯಿ ಬಿಟ್ಟುಕೊಂಡಿತ್ತು. ಮೇಲಿನಿಂದ ತುಂಬುತ್ತಿದ್ದಂತೆ ಕೆಳಗಿನಿಂದ ಹೋಗುತ್ತಿತ್ತು.

ಪ್ಲಂಬರ್ ಬಂದು ರಬ್ಬರು ಬದಲಾಯಿಸಲು ಕಾಲು ಗಂಟೆ ಹಿಡಿಯಿತು. ಆ ಸಂಜೆ ಅಜ್ಜಿ ಹೆಚ್ಚುವರಿ ವಸೂಲು ಮಾಡಿದ್ದ ಹಣವನ್ನು ಒಂದು ಲಕೋಟೆಯಲ್ಲಿ ಹಾಕಿ, ಜೊತೆಗೆ ಕೊಬ್ಬರಿ, ಬೆಲ್ಲ, ಒಂದು ಸೀಸೆ ಹರಳೆಣ್ಣೆ ಹಿಡಿದು ಮಹಡಿ ಹತ್ತಿದರು. ಮೇಲೆ ಏನು ಮಾತಾಯಿತೋ ನಾನು ಕೇಳಲು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಎಂಟು ಗಂಟೆಗೆ, ಹೊತ್ತು ಚೆನ್ನಾಗಿ ಏರಿದ ಮೇಲೆ, ತಿಪಟೂರಿನ ತಾಯಿ ಮಗಳಿಗೆ ಧಾರಾಳವಾಗಿ ನೀರು ಸುರಿಯುವ ಸದ್ದು ಕೆಳಗಿನವರೆಗೆ ಕೇಳಿಸಿತು. ಮುಂದಿನ ತಿಂಗಳ ಬಿಲ್ಲು 40 ಸಾವಿರ ಲೀಟರು. ಮೂರು ಪಾಲು.

ಸೋರಿಕೆ ಎಲ್ಲರ ಮನೆಯಲ್ಲೂ ಹೀಗೆ ಬಾತ್‌ರೂಮಿನಲ್ಲೇ ಸಿಗುತ್ತದೆಂದೇನಿಲ್ಲ. ಗೋಡೆ ಒದ್ದೆಯಾಗುವ ಮನೆಗಳ ಪಾಡು ಬೇರೆ. ಅಲ್ಲಿ ಮೊದಲು ತಿಳಿಯಬೇಕಾದ್ದು ಒದ್ದೆ ಗೋಡೆಯೊಳಗಿನಿಂದ ಬರುತ್ತಿದೆಯೋ, ಕೋಣೆಯ ಹಬೆ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತಿದೆಯೋ ಎಂದು. ಜಾಗವನ್ನು ಒರೆಸಿ ಒಣಗಿಸಿ, ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಬೆವರಿದರೆ ನೀರು ಗೋಡೆಯೊಳಗಿನದು, ಮುಂಬದಿ ಬೆವರಿದರೆ ಗಾಳಿಯದು. ಗೋಡೆಯೊಳಗಿನದಾದರೆ ಆ ಕಡೆಯ ವಾಲ್ವ್ ಮುಚ್ಚಿ ಕೆಲವು ದಿನ ನೋಡಬೇಕು. ಮಳೆ ಬಂದಾಗಲೆಲ್ಲ ಹೆಚ್ಚಾದರೆ ತಾರಸಿಯ ಮೇಲೆ ಸಂಶಯ, ಸ್ನಾನ ಮಾಡಿದಾಗ ಮಾತ್ರ ಹೆಚ್ಚಾದರೆ ಬಚ್ಚಲಿನ ನೆಲದ ಮೇಲೆ, ಸದಾ ಒಂದೇ ಸಮನಾಗಿದ್ದರೆ ಪೈಪಿನ ಮೇಲೆ. ಅಷ್ಟು ಗೊತ್ತಾಗುವ ಮೊದಲು ಗೋಡೆ ಒಡೆಸಬೇಡಿ. ಟೈಲ್ಸ್ ಒಡೆಯುವುದು ಸುಲಭ, ಅದೇ ಬಣ್ಣದ ಟೈಲ್ಸ್ ಮತ್ತೆ ಸಿಗುವುದಿಲ್ಲ.

ಇನ್ನು ಮಕ್ಕಳಿಗೆ ತೊಟ್ಟಿಕ್ಕುವ ನಲ್ಲಿ ಸಾಕು. ಔಷಧದ ಅಳತೆ ಲೋಟವೊಂದನ್ನು ಅದರ ಕೆಳಗೆ ಹತ್ತು ನಿಮಿಷ ಹಿಡಿಯಿರಿ. ಬಂದ ಮಿಲಿಲೀಟರನ್ನು 144ರಿಂದ ಗುಣಿಸಿದರೆ ಒಂದು ದಿನದ ಲೆಕ್ಕ ಸಿಗುತ್ತದೆ, ಏಕೆಂದರೆ ದಿನಕ್ಕೆ ಹತ್ತು ನಿಮಿಷಗಳು 144. ನನ್ನ ಮಗಳು ಈಗ ಬೀದಿಯಲ್ಲಿ ಕಂಡ ನಲ್ಲಿಗೆಲ್ಲ ಲೋಟ ಹಿಡಿಯುತ್ತಾಳೆ. ಎದುರು ಮನೆಯವರು ಕಾರು ತೊಳೆಯುವ ನಲ್ಲಿಯಲ್ಲಿ ಹತ್ತು ನಿಮಿಷಕ್ಕೆ 100 ಮಿಲಿಲೀಟರು, ದಿನಕ್ಕೆ ಹದಿನಾಲ್ಕು ಲೀಟರು ಚಿಲ್ಲರೆ. ಲೆಕ್ಕದ ಚೀಟಿಯನ್ನು ಅವರ ಗೇಟಿಗೆ ಸಿಕ್ಕಿಸಿ ಬಂದಿದ್ದಾಳೆ. ನೋಡೋಣ, ಏನಂತಾರೋ.